ವೇಬ್ರಿಡ್ಜ್‌ನಲ್ಲಿ ತೂಕ ಕಡಿಮೆ ಬರುತ್ತಿದೆ, ಸರ್ಕಾರಿ ತಪಾಸಣೆ ಕೇಳಬಹುದಾ?

ಪ್ರಶ್ನೆ: ನಾನು ಗುಜರಿ ಕಬ್ಬಿಣದ ವ್ಯಾಪಾರಿ. ಲೋಡ್ ಆದ ಮೇಲೆ ಗೋಡೌನ್ ಹತ್ತಿರದ ವೇಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ, 180 ಕಿಲೋಮೀಟರ್ ದೂರದ ಕಾರ್ಖಾನೆಗೆ ಲಾರಿ ಕಳಿಸುತ್ತೇನೆ. ಅಲ್ಲಿ ಅವರದ್ದೇ ವೇಬ್ರಿಡ್ಜ್ ಇದೆ, ದುಡ್ಡು ಕೊಡುವುದು ಆ ತೂಕಕ್ಕೇ. ಹೋದ ಲೋಡಿನ ಲೆಕ್ಕ ನೋಡಿ. ಇಲ್ಲಿ ಒಟ್ಟು 24,860 ಕೆ.ಜಿ., ಖಾಲಿ ಲಾರಿ 9,240, ಮಾಲು 15,620. ಅಲ್ಲಿ ಒಟ್ಟು 24,700, ಖಾಲಿ ಲಾರಿ 9,300, ಮಾಲು 15,400. 220 ಕೆ.ಜಿ. ಎಲ್ಲಿ ಹೋಯಿತು? ಪ್ರತಿ ಸಲವೂ ಹೆಚ್ಚುಕಡಿಮೆ ಹೀಗೇ. ಕೇಳಿದರೆ 'ನಮ್ಮದು ಡಿಜಿಟಲ್, ಸರ್ಕಾರಿ ಸೀಲ್ ಇದೆ' ಅನ್ನುತ್ತಾರೆ. ಬೇರೆಯವರ ವೇಬ್ರಿಡ್ಜ್ ಪರೀಕ್ಷೆ ಮಾಡಿಸಿ ಅಂತ ಕೇಳಲು ನನಗೆ ಹಕ್ಕಿದೆಯಾ? ಹೆಸರು ಹೊರಗೆ ಬಂದರೆ ವ್ಯಾಪಾರ ಹೋಗುತ್ತದೆ. ಹಳೆಯ ಲೋಡುಗಳ ದುಡ್ಡು ವಾಪಸ್ ಸಿಗುತ್ತದಾ? ಯಂತ್ರ ಪಾಸಾದರೆ ನನಗೇ ತೊಂದರೆ ಆಗುತ್ತದಾ? ಪೆಟ್ರೋಲ್ ಪಂಪು, ಮನೆಯ ನೀರಿನ ಮೀಟರ್ ಮೇಲೆ ಅನುಮಾನ ಬಂದರೂ ಹೀಗೇ ಕೇಳಬಹುದಾ?

ಉತ್ತರ: ಹಕ್ಕಿದೆ. ವೇಬ್ರಿಡ್ಜ್ ನಿಮ್ಮದಲ್ಲದಿದ್ದರೂ ಅದರ ಅಂಕಿಯ ಮೇಲೆ ನಿಮ್ಮ ದುಡ್ಡು ನಿಂತಿದೆ, ಅಷ್ಟು ಸಾಕು. ತೂಕ-ಅಳತೆಯ ಕಾನೂನು ನಡೆಯುವ ಕಡೆಯಲ್ಲೆಲ್ಲ ವ್ಯಾಪಾರಕ್ಕೆ ಬಳಸುವ ಯಂತ್ರದ ಬಗ್ಗೆ ಕೊಳ್ಳುವವರೂ ದೂರು ಕೊಡಬಹುದು, ಮಾರುವವರೂ ಕೊಡಬಹುದು. ಚೀಟಿಗಳನ್ನು ಇಟ್ಟುಕೊಂಡು, ನಿಜ ಅಂತ ನಂಬಿ ಕೊಟ್ಟ ದೂರಿನಲ್ಲಿ ಯಂತ್ರ ಪಾಸಾದರೆ ಅದು ತಪ್ಪಲ್ಲ. ಬೇಕಂತಲೇ ಸುಳ್ಳು ಬರೆದಿದ್ದರೆ ಮಾತು ಬೇರೆ. ಹಳೆಯ ದುಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲಿ ಸುದ್ದಿ ಅಷ್ಟು ಚೆನ್ನಾಗಿಲ್ಲ.

ಆದರೆ ದೂರು ಬರೆಯುವ ಮೊದಲು ಆ ಚೀಟಿಗಳ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಸರ್ಕಾರಿ ತಪಾಸಣೆ ಹೇಳುವುದು ಒಂದೇ ಮಾತು: ಈ ಯಂತ್ರ ಇವತ್ತು ಸರಿಯಾಗಿ ತೂಗುತ್ತದೋ ಇಲ್ಲವೋ. ನೀವು ಕೇಳುತ್ತಿರುವುದು 220 ಕೆ.ಜಿ. ಎಲ್ಲಿ ಹೋಯಿತು ಅಂತ. ಇವೆರಡೂ ಒಂದೇ ಅಂದುಕೊಂಡು ದೂರು ಕೊಡುತ್ತಾರೆ. ಯಂತ್ರ ಪಾಸಾದ ಕೂಡಲೇ ಇನ್‌ಸ್ಪೆಕ್ಟರೂ ಶಾಮೀಲು ಅಂತ ಬೈದುಕೊಂಡು ಹೋಗುತ್ತಾರೆ. ತಪಾಸಣೆ ಮಾಡುವ ಕಡೆ ನಿಂತು ಇದನ್ನು ತುಂಬ ನೋಡಿದ್ದೇನೆ. ಯಂತ್ರ ನಿಜಕ್ಕೂ ಸರಿಯಾಗಿರುತ್ತದೆ, ತೂಕವೂ ನಿಜಕ್ಕೂ ಹೋಗಿರುತ್ತದೆ. ಹೋಗಿರುವುದು ಯಂತ್ರದ ಪಕ್ಕದಲ್ಲಿ.

ಮೊದಲು ಡೀಸೆಲ್, ಆಮೇಲೆ ಖಾಲಿ ಲಾರಿ

ನಿಮ್ಮ ಅಂಕಿಗಳನ್ನೇ ಬಿಡಿಸೋಣ. 180 ಕಿಲೋಮೀಟರಿಗೆ ಲಾರಿ ಡೀಸೆಲ್ ಕುಡಿಯುತ್ತದೆ. ಲೀಟರಿಗೆ ಮೂರೂವರೆ ಕಿಲೋಮೀಟರ್ ಅಂತ ಹಿಡಿದರೆ ಸುಮಾರು 51 ಲೀಟರ್. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 0.84 ಕೆ.ಜಿ. ಅಂದರೆ ಕಾರ್ಖಾನೆ ಮುಟ್ಟುವ ಹೊತ್ತಿಗೆ ಲಾರಿ 43 ಕೆ.ಜಿ. ಹಗುರ ಆಗಿರುತ್ತದೆ. ಒಟ್ಟು ತೂಕ 24,860 ಇದ್ದದ್ದು ಅಲ್ಲಿ 24,817ರ ಆಸುಪಾಸು ಬರಬೇಕಿತ್ತು. ಬಂದದ್ದು 24,700. ಇಲ್ಲಿ ಕೊರತೆ 117.

ಈಗ ಖಾಲಿ ಲಾರಿ. ಇಲ್ಲಿ 9,240. ಡೀಸೆಲ್ ಖರ್ಚಾದ ಮೇಲೆ ಅದೇ ಲಾರಿ 9,197ರ ಹತ್ತಿರ ತೂಗಬೇಕು. ಅವರ ಚೀಟಿಯಲ್ಲಿ 9,300 ಇದೆ. ಡೀಸೆಲ್ ಕಡಿಮೆಯಾದ ಲಾರಿ ಹೆಚ್ಚು ತೂಗುವುದು ಹೇಗೆ? ಇಲ್ಲೇ ನಿಮ್ಮ 103 ಕೆ.ಜಿ. ಇರುವುದು. 117 ಮತ್ತು 103 ಕೂಡಿದರೆ ನಿಮ್ಮ 220.

ಆ 103ಕ್ಕೆ ಕಾರಣ ಬಹುಶಃ ಯಂತ್ರ ಅಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಲಾರಿ ಅನ್‌ಲೋಡ್ ಆದ ಮೇಲೆ ಮತ್ತೆ ತೂಗುವುದೇ ಇಲ್ಲ. ಗಾಡಿ ನಂಬರ್ ಹೊಡೆದರೆ ಕಂಪ್ಯೂಟರಿನಲ್ಲಿ ಕೂತಿರುವ ಹಳೆಯ ಖಾಲಿ ತೂಕ ತಾನೇ ಬಂದು ಕೂರುತ್ತದೆ. ಅದನ್ನು ಯಾವತ್ತೋ ತೂಗಿರುತ್ತಾರೆ. ಅವತ್ತು ಟ್ಯಾಂಕ್ ಫುಲ್ ಇತ್ತೋ, ಎರಡು ಸ್ಟೆಪ್ನಿ ಇತ್ತೋ, ಒದ್ದೆ ತಾಡಪಾಲು ಮಡಚಿಟ್ಟಿತ್ತೋ, ಡ್ರೈವರ್ ಮತ್ತು ಕ್ಲೀನರ್ ಒಳಗೇ ಕೂತಿದ್ದರೋ, ಯಾರಿಗೆ ಗೊತ್ತು. ನಿಮ್ಮ ಡ್ರೈವರನ್ನು ಒಂದೇ ಮಾತು ಕೇಳಿ: 'ಖಾಲಿ ಆದ ಮೇಲೆ ಮತ್ತೆ ಕಾಟಾ ಹತ್ತಿಸಿದೆಯಾ?' ಚೀಟಿಯಲ್ಲಿ ಎರಡು ತೂಕಕ್ಕೂ ಬೇರೆ ಬೇರೆ ಸಮಯ ಬಿದ್ದಿದೆಯಾ ನೋಡಿ. ಒಂದೇ ಸಮಯ ಇದ್ದರೆ, ಅಥವಾ ಎಲ್ಲ ಚೀಟಿಯಲ್ಲೂ 9,300 ಅಂತಲೇ ಇದ್ದರೆ, ಉತ್ತರ ಸಿಕ್ಕಿತು. ಆಗ ಇನ್‌ಸ್ಪೆಕ್ಟರ್ ಬಂದು ಯಂತ್ರವನ್ನು ಎಷ್ಟು ಸಲ ತೂಗಿ ನೋಡಿದರೂ ಈ 103 ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಮಾತು. ಎರಡೂ ತೂಕ ಒಂದೇ ಜಾಗದಲ್ಲಿ, ಒಂದೇ ದಿನ, ಅನ್‌ಲೋಡಿನ ಹಿಂದೆಮುಂದೆ ಆದರೆ ಡೀಸೆಲ್ ಲೆಕ್ಕಕ್ಕೇ ಬರುವುದಿಲ್ಲ. ಎರಡರಲ್ಲೂ ಅಷ್ಟೇ ಇರುತ್ತದಲ್ಲ. ಹಾಗಾಗಿ ಒಟ್ಟು ತೂಕಕ್ಕೆ ಒಟ್ಟು ತೂಕ ಹೋಲಿಸಬೇಡಿ, ಮಾಲಿಗೆ ಮಾಲು ಹೋಲಿಸಿ.

ಉಳಿದ 117

ಇದು ಯಂತ್ರಗಳ ಪ್ರಶ್ನೆ. 'ಯಂತ್ರಗಳ' ಅಂದೆ, ಯಾಕೆಂದರೆ ಇಲ್ಲಿ ಎರಡಿವೆ. ನಿಮ್ಮ ಗೋಡೌನ್ ಹತ್ತಿರದ್ದೂ ಯಂತ್ರವೇ ಅಲ್ವಾ? ಅದು ಜಾಸ್ತಿ ತೋರಿಸುತ್ತಿರಬಹುದು. ತಪ್ಪು ದೂರದಲ್ಲಿರುವವರದ್ದೇ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಡುತ್ತದೆ.

ಎರಡು ವೇಬ್ರಿಡ್ಜ್ ಒಂದೇ ಅಂಕಿ ತೋರಿಸಲೇಬೇಕು ಅನ್ನುವುದೂ ತಪ್ಪು ನಂಬಿಕೆ. ಕಾನೂನು ಪ್ರತಿ ಯಂತ್ರಕ್ಕೂ ಇಷ್ಟು ಅಂತ ಹೆಚ್ಚುಕಡಿಮೆಗೆ ಜಾಗ ಬಿಟ್ಟಿದೆ. 1955ರಲ್ಲಿ ಶುರುವಾದ, ಪ್ಯಾರಿಸ್‌ನಲ್ಲಿ ಕಚೇರಿ ಇರುವ ಓಐಎಂಎಲ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇದಕ್ಕೆ ಮಾದರಿ ನಿಯಮ ಬರೆದಿದೆ. ಸಾಮಾನ್ಯ ತೂಕದ ಯಂತ್ರಗಳದ್ದು ಆರ್ 76 ಅನ್ನುವ ದಾಖಲೆ. ಬಹಳಷ್ಟು ದೇಶಗಳ ನಿಯಮಗಳು ಇದರ ಜಾಡಿನಲ್ಲೇ ಇವೆ. ಅಮೆರಿಕದ ನಿಯಮ ಬೇರೆ, ಅಲ್ಲಿನ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಪ್ರಕಟಿಸುವ ಹ್ಯಾಂಡ್‌ಬುಕ್ 44. ಆದರೆ ಹೊಸ ಯಂತ್ರಕ್ಕೆ ಬಿಗಿ ಮಿತಿ, ಬಳಕೆಯಲ್ಲಿರುವುದಕ್ಕೆ ಅದರ ಎರಡರಷ್ಟು ಅನ್ನುವ ಲೆಕ್ಕ ಅಲ್ಲೂ ಇದೆ.

ನಿಮ್ಮ ನಾಲ್ಕೂ ಅಂಕಿ 20ರಿಂದ ಭಾಗವಾಗುತ್ತವೆ. ಹಾಗಾದರೆ ಎರಡೂ ಯಂತ್ರ 20 ಕೆ.ಜಿ. ಹೆಜ್ಜೆಯಲ್ಲಿ ಏರುವಂಥವು ಇರಬೇಕು, 60 ಟನ್ನಿನವು ಹೀಗಿರುವುದು ಸಾಮಾನ್ಯ. ಯಂತ್ರದ ಫಲಕದ ಮೇಲೆ ಗರಿಷ್ಠ ತೂಕದ ಪಕ್ಕದಲ್ಲೇ ಈ ಹೆಜ್ಜೆಯನ್ನೂ ಬರೆದಿರುತ್ತಾರೆ, ಒಮ್ಮೆ ನೋಡಿಕೊಳ್ಳಿ. ಇಂಥ ಯಂತ್ರ ಆರ್ 76ರ ಪ್ರಕಾರ ಹೊಸದಾಗಿ ಮುದ್ರೆ ಹಾಕಿಸಿಕೊಳ್ಳುವಾಗ 10 ಟನ್‌ವರೆಗೆ 10 ಕೆ.ಜಿ., ಅಲ್ಲಿಂದ 40 ಟನ್‌ವರೆಗೆ 20 ಕೆ.ಜಿ., ಅದರ ಮೇಲೆ 30 ಕೆ.ಜಿ. ಆ ಕಡೆ ಈ ಕಡೆ ಇರಬಹುದು. ಬಳಕೆಯಲ್ಲಿರುವಾಗ ಇದರ ಎರಡರಷ್ಟು. ಅಂದರೆ ನಿಮ್ಮ 24 ಟನ್ನಿನ ಲಾರಿಗೆ ಒಂದು ಯಂತ್ರ 40 ಕೆ.ಜಿ. ಜಾಸ್ತಿ, ಇನ್ನೊಂದು 40 ಕೆ.ಜಿ. ಕಡಿಮೆ ತೋರಿಸಿದರೂ ಎರಡೂ ಪಾಸ್. ಅಂಕಿ 20ರ ಹೆಜ್ಜೆಗೆ ಹೋಗಿ ಕೂರುವಾಗ ಆಗುವ ವ್ಯತ್ಯಾಸ ಸೇರಿಸಿದರೆ 100ರವರೆಗೂ ಹೋಗಬಹುದು.

ನಿಮ್ಮದು 117. ಮಿತಿಯ ಆಚೆ, ಆದರೆ ತುಂಬ ಆಚೆ ಅಲ್ಲ. ಒಂದೇ ಲೋಡ್ ನೋಡಿದ್ದರೆ ನಾನು ಸುಮ್ನೆ ಇರಿ ಅನ್ನುತ್ತಿದ್ದೆ. ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತಿದೆ ಅಂದಿರಿ ನೋಡಿ, ಅದೇ ತಪಾಸಣೆ ಕೇಳಲು ಸರಿಯಾದ ಕಾರಣ. ಸುಮ್ಮನೆ ಆಗುವ ವ್ಯತ್ಯಾಸ ಆದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಮಳೆಯಲ್ಲಿ ನೆನೆದ ಮಾಲಿನಿಂದ ದಾರಿಯುದ್ದಕ್ಕೂ ನೀರು ಸೋರಿದರೆ ಕಡಿಮೆಯೇ ಬರುತ್ತದೆ ಅನ್ನುವುದೂ ನೆನಪಿರಲಿ. ಒಣ ಲೋಡುಗಳನ್ನಷ್ಟೇ ತೆಗೆದು ಲೆಕ್ಕ ಹಾಕಿ.

'ನಮ್ಮದು ಡಿಜಿಟಲ್'

ಡಿಜಿಟಲ್ ಆಗಿರುವುದು ಕೊನೆಯಲ್ಲಿ ಕಾಣುವ ಪರದೆ. ಅದರ ಹಿಂದೆ ಇರುವುದು ಉಕ್ಕು, ಅಂಟು, ತಂತಿ. ಪ್ಲಾಟ್‌ಫಾರ್ಮಿನ ಕೆಳಗೆ ಆರೋ ಎಂಟೋ ಲೋಡ್ ಸೆಲ್ (ಭಾರ ಅಳೆಯುವ ಉಕ್ಕಿನ ತುಂಡುಗಳು) ಇರುತ್ತವೆ. ಲಾರಿ ಹತ್ತಿದಾಗ ಆ ಉಕ್ಕಿನ ತುಂಡುಗಳು ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ. ಅವಕ್ಕೆ ಅಂಟಿಸಿದ ತೆಳು ಹಾಳೆಯ ವಿದ್ಯುತ್ ತಡೆ ಒಂಚೂರು ಬದಲಾಗುತ್ತದೆ. ಆ ಮಿಲಿವೋಲ್ಟ್ ಲೆಕ್ಕದ ಬದಲಾವಣೆಯೇ ಪರದೆಯ ಮೇಲೆ ಟನ್ ಆಗಿ ಕಾಣುವುದು. ಜಂಕ್ಷನ್ ಬಾಕ್ಸಿಗೆ ನೀರು ಹೋದರೆ, ಇಲಿ ತಂತಿ ಕಡಿದರೆ, ಒಂದು ಸೆಲ್ ಸುಸ್ತಾದರೆ ಪರದೆಗೆ ಗೊತ್ತಾಗುವುದಿಲ್ಲ. ಅದು ಅಷ್ಟೇ ಠೀವಿಯಿಂದ ತಪ್ಪು ಅಂಕಿ ತೋರಿಸುತ್ತದೆ.

ಗುಜರಿ ಕಾರ್ಖಾನೆಯಲ್ಲಿ ನಾನು ಮೊದಲು ನೋಡುವುದು ಪರದೆಯನ್ನಲ್ಲ, ಅಂಚನ್ನು. ಪ್ಲಾಟ್‌ಫಾರ್ಮಿಗೂ ಸುತ್ತಲಿನ ಕಾಂಕ್ರೀಟಿಗೂ ನಡುವೆ ಬೆರಳು ಹೋಗುವಷ್ಟು ಸಂದು ಇರುತ್ತದೆ, ಇರಲೇಬೇಕು. ಪ್ಲಾಟ್‌ಫಾರ್ಮ್ ಯಾವುದಕ್ಕೂ ತಾಗದೆ ಲೋಡ್ ಸೆಲ್‌ಗಳ ಮೇಲಷ್ಟೇ ನಿಂತಿರಬೇಕು. ಆ ಸಂದಿಯಲ್ಲಿ ಕಲ್ಲು, ಒಣಗಿದ ಕೆಸರು, ಲಾರಿಯಿಂದ ಉದುರಿದ ಬೋಲ್ಟು, ಸರಳಿನ ತುಂಡು ಸಿಕ್ಕಿಕೊಳ್ಳುತ್ತವೆ. ಲಾರಿ ಹತ್ತಿದಾಗ ಭಾರದ ಒಂದು ಪಾಲು ಆ ತುಂಡಿನ ಮೂಲಕ ಕಾಂಕ್ರೀಟಿಗೆ ಇಳಿದುಹೋಗುತ್ತದೆ. ಅಷ್ಟು ತೂಕ ಪರದೆಗೆ ಬರುವುದೇ ಇಲ್ಲ. ಲಾರಿ ಇಳಿದಾಗ ಪರದೆ ಮತ್ತೆ ಸೊನ್ನೆ, ಯಾರಿಗೂ ಅನುಮಾನ ಬರುವುದಿಲ್ಲ. ಭಾರ ಜಾಸ್ತಿ ಆದಷ್ಟೂ ತಪ್ಪೂ ಜಾಸ್ತಿ. ಹಾಗಾಗಿ ಖಾಲಿ ಲಾರಿಗೆ ಅಷ್ಟಾಗಿ ಕಾಣದ ಕೊರತೆ ತುಂಬಿದ ಲಾರಿಗೆ ಕಾಣುತ್ತದೆ. ಯಾರೂ ಮೋಸ ಮಾಡದೆ, ಒಂದು ಪೊರಕೆ ಆಡಿಸದ ಕಾರಣಕ್ಕೆ ಇದು ಆಗುತ್ತದೆ.

ಸೊನ್ನೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಪರದೆಯನ್ನು ಸೊನ್ನೆ ಮಾಡುವ ಗುಂಡಿಗೆ ಆರ್ 76 ಕೊಡುವ ವ್ಯಾಪ್ತಿ ಗರಿಷ್ಠ ತೂಕದ 4 ಶೇಕಡಾ. 60 ಟನ್ನಿಗೆ ಅದು 2,400 ಕೆ.ಜಿ. ಪ್ಲಾಟ್‌ಫಾರ್ಮ್ ಮೇಲಿನ ಕೆಸರು, ಮಳೆ ನೀರನ್ನು ಕಳೆಯಲು ಇಷ್ಟು ದೊಡ್ಡ ಜಾಗ ಬೇಕೇಬೇಕು. ಆದರೆ ನಾಲ್ಕು ಜನ ಮೇಲೆ ನಿಂತಿರುವಾಗ ಗುಂಡಿ ಒತ್ತಿ, ಅವರು ಇಳಿದ ಮೇಲೆ ಲಾರಿ ಹತ್ತಿಸಿದರೆ ಅಷ್ಟೂ ತೂಕ ನಿಮ್ಮ ಮಾಲಿನಲ್ಲಿ ಕಡಿಮೆ. ಖಾಲಿ ಲಾರಿ ತೂಗುವ ಹೊತ್ತಿಗೆ ಮತ್ತೆ ಸರಿಯಾಗಿ ಸೊನ್ನೆ ಮಾಡಿದರೆ ಮುಗಿಯಿತು. ನಿಮ್ಮಲ್ಲಿ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಲಾರಿ ಹತ್ತುವ ಮೊದಲು ಪರದೆ ನೋಡು, ಮೇಲೆ ಯಾರೂ ಇಲ್ಲ ಅಂತ ನೋಡು, ಇಷ್ಟನ್ನು ಡ್ರೈವರಿಗೆ ಹೇಳಿಕೊಡಿ. ಲಾರಿ ಪೂರ್ತಿ ಪ್ಲಾಟ್‌ಫಾರ್ಮ್ ಮೇಲೆ ಇರಲಿ. ಮುಂದಿನ ಚಕ್ರ ಒಮ್ಮೆ, ಹಿಂದಿನ ಚಕ್ರ ಒಮ್ಮೆ ತೂಗಿ ಕೂಡುವ ಪದ್ಧತಿ ಇದ್ದರೆ ಇಳಿಜಾರು, ಬ್ರೇಕು, ಸ್ಪ್ರಿಂಗು ಎಲ್ಲ ಸೇರಿ ಅಂಕಿ ಕೆಡುತ್ತದೆ.

'ಸೀಲ್ ಇದೆ' ಅನ್ನುವುದಕ್ಕೆ ಎಷ್ಟು ಬೆಲೆ? ಯಾವ ದಿನ ಪರೀಕ್ಷೆ ಆಯಿತೋ ಆ ದಿನ ಸರಿ ಇತ್ತು, ಆಮೇಲೆ ಯಾರೂ ಕ್ಯಾಲಿಬ್ರೇಷನ್ (ಯಂತ್ರದ ಅಂಕಿಯನ್ನು ಸರಿಯಾದ ತೂಕಕ್ಕೆ ಹೊಂದಿಸಿದ್ದು) ಮುಟ್ಟಿಲ್ಲ ಅನ್ನುವಷ್ಟು. ಸಂದಿಯಲ್ಲಿ ಕಲ್ಲು ಸಿಕ್ಕಿದೆ ಅಂತ ಸೀಲ್ ಒಡೆಯುವುದಿಲ್ಲವಲ್ಲ. ಈಗಿನ ಎಷ್ಟೋ ಯಂತ್ರಗಳಲ್ಲಿ ಎಣಿಕೆ ಅಂಕಿಯೊಂದು ಒಳಗೇ ಇರುತ್ತದೆ, ಕ್ಯಾಲಿಬ್ರೇಷನ್ ಬದಲಿಸಿದಾಗಲೆಲ್ಲ ಅದು ಏರುತ್ತದೆ. ತಪಾಸಣೆಯ ದಿನ ಬರೆದುಕೊಂಡ ಅಂಕಿಗೂ ಈಗಿನ ಅಂಕಿಗೂ ತಾಳೆ ಆಗದಿದ್ದರೆ, ಸೀಲ್ ಹೊಳೆಯುತ್ತಿದ್ದರೂ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ಇದು ಇನ್‌ಸ್ಪೆಕ್ಟರ್ ನೋಡುವ ಕೆಲಸ, ನೀವು ಹೋಗಿ ಕೇಳಿದರೆ ತೋರಿಸುವುದಿಲ್ಲ.

ಕ್ಯಾಲಿಬ್ರೇಷನ್ ಆ ಜಾಗದಲ್ಲೇ ಆಗಬೇಕು ಅನ್ನುವುದಕ್ಕೆ ಒಂದು ಸೊಗಸಾದ ಕಾರಣವೂ ಇದೆ. ಲೋಡ್ ಸೆಲ್ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಆ ಎಳೆತ ಎಲ್ಲ ಕಡೆ ಒಂದೇ ಇಲ್ಲ. ಸಮಭಾಜಕದಲ್ಲಿ ಗುರುತ್ವ 9.780 ಮೀ/ಸೆ², ಧ್ರುವದಲ್ಲಿ 9.832. ವ್ಯತ್ಯಾಸ ಅರ್ಧ ಶೇಕಡಾ. 25 ಟನ್ನಿಗೆ ಅದು 125 ಕೆ.ಜಿ.ಗಿಂತ ಜಾಸ್ತಿ! 180 ಕಿಲೋಮೀಟರಿನಲ್ಲಿ ಇಷ್ಟು ಬದಲಾಗುವುದಿಲ್ಲ. ಆದರೆ ಬಹಳ ದೂರದ ಊರಿನ ಫ್ಯಾಕ್ಟರಿಯಲ್ಲಿ ಸೆಟ್ ಮಾಡಿ ಕಳಿಸಿದ ಯಂತ್ರವನ್ನು ಬಂದ ಹಾಗೇ ಬಳಸಬಾರದು.

ತಪಾಸಣೆ ಹೇಗೆ ನಡೆಯುತ್ತದೆ

ಗೊತ್ತಿದ್ದರೆ ದೂರಿನಲ್ಲಿ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ. ತೂಕ-ಅಳತೆ ಇಲಾಖೆಯವರು ಪ್ರಮಾಣಿತ ಬಟ್ಟುಗಳನ್ನು ಲಾರಿಯಲ್ಲಿ ತರುತ್ತಾರೆ. ಇವುಗಳ ಸ್ವಂತ ತಪ್ಪು, ಯಂತ್ರಕ್ಕೆ ಬಿಟ್ಟ ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ಬಟ್ಟುಗಳನ್ನು ಪ್ಲಾಟ್‌ಫಾರ್ಮಿನ ಒಂದು ತುದಿ, ಮಧ್ಯ, ಇನ್ನೊಂದು ತುದಿ ಅಂತ ಬೇರೆ ಬೇರೆ ಕಡೆ ಇಟ್ಟು ನೋಡುತ್ತಾರೆ. ಸೆಲ್ ಕೆಟ್ಟಿದ್ದರೆ, ಅಂಚು ತಾಗುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಭಾರವನ್ನು ಮತ್ತೆ ಮತ್ತೆ ಹತ್ತಿಸಿ ಅದೇ ಅಂಕಿ ಬರುತ್ತದಾ ನೋಡುತ್ತಾರೆ. 60 ಟನ್ ಬಟ್ಟು ತರಲು ಆಗುವುದಿಲ್ಲ. ಹಾಗಾಗಿ ಇರುವಷ್ಟು ಬಟ್ಟು ಇಟ್ಟು ಅಂಕಿ ನೋಡಿ, ಅವನ್ನು ಇಳಿಸಿ, ಅದೇ ಅಂಕಿ ಬರುವವರೆಗೆ ಲಾರಿಯನ್ನೋ ಬೇರೆ ಭಾರವನ್ನೋ ಹತ್ತಿಸಿ, ಅದರ ಮೇಲೆ ಮತ್ತೆ ಬಟ್ಟು ಇಟ್ಟು ಮೇಲಕ್ಕೆ ಹೋಗುತ್ತಾರೆ.

ನನಗೆ ಇಷ್ಟವಾದ ಭಾಗ ಚಿಕ್ಕ ಬಟ್ಟುಗಳದ್ದು. ಪರದೆ 20ರ ಹೆಜ್ಜೆಯಲ್ಲಿ ಏರುತ್ತದೆ, ನಡುವಿನದ್ದು ಕಾಣುವುದಿಲ್ಲ. 10,000 ಕೆ.ಜಿ. ಇಟ್ಟಾಗ ಪರದೆ 10,000 ಅಂದರೆ ಅದು ನಿಜಕ್ಕೂ 9,991 ಆಗಿರಬಹುದು, 10,009 ಆಗಿರಬಹುದು. ಆಗ 2 ಕೆ.ಜಿ. ಬಟ್ಟು ಒಂದೊಂದೇ ಸೇರಿಸುತ್ತಾ ಹೋಗುತ್ತಾರೆ. ಮೂರನೆಯದು ಇಟ್ಟಾಗ ಅಂಕಿ 10,020ಕ್ಕೆ ಹಾರಿತು ಅಂದುಕೊಳ್ಳಿ. ಹಾರಬೇಕಾದದ್ದು 10 ಕೆ.ಜಿ. ಸೇರಿದಾಗ, 6ಕ್ಕೇ ಹಾರಿತು. ಅಂದರೆ ಯಂತ್ರ 4 ಕೆ.ಜಿ. ಜಾಸ್ತಿ ತೋರಿಸುತ್ತಿದೆ. 20ರ ಹೆಜ್ಜೆಯ ಯಂತ್ರದಿಂದ 2 ಕೆ.ಜಿ. ಮಟ್ಟದ ಸತ್ಯ ಹೊರಡಿಸುವ ರೀತಿ ಇದು.

ಏನು ಮಾಡಬಹುದು

ನಾನು ನಿಮ್ಮ ಜಾಗದಲ್ಲಿದ್ದರೆ ದೂರಿಗೂ ಮೊದಲು ಒಂದು ಕೆಲಸ ಮಾಡುತ್ತಿದ್ದೆ. ನೀವು ಸಣ್ಣ ವ್ಯಾಪಾರಿಗಳಿಂದ ಕೊಳ್ಳುವಾಗ ಬಳಸುವ ಚಿಕ್ಕ ಪ್ಲಾಟ್‌ಫಾರ್ಮ್ ಕಾಟಾ ಇರುತ್ತದಲ್ಲ, 300 ಕೆ.ಜಿ.ಯದ್ದು, 100 ಗ್ರಾಂ ಹೆಜ್ಜೆಯದ್ದು. ಒಂದೇ ಒಂದು ಲೋಡನ್ನು 200 ಕೆ.ಜಿ.ಯಂತೆ ಅದರಲ್ಲೇ ತೂಗಿ ಲಾರಿಗೆ ಹಾಕಿಸಿ. ತುಂಬ ಕೂಲಿ, ತುಂಬ ಹೊತ್ತು, ಗೊತ್ತು. ಆದರೆ ಸರಿಯಾಗಿ ಮುದ್ರೆ ಇರುವ ಅಂಥ ಕಾಟಾ ಒಂದು ಸಲಕ್ಕೆ 200 ಗ್ರಾಂ ತಪ್ಪಿದರೂ, ಅದೂ ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೂ, 15.6 ಟನ್ನಿಗೆ ಒಟ್ಟು 16 ಕೆ.ಜಿ. ದಾಟುವುದಿಲ್ಲ. ಯಾವ ವೇಬ್ರಿಡ್ಜ್ ಕೂಡ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಆ ಲೋಡಿನ ಮಟ್ಟಿಗೆ ಎರಡರಲ್ಲಿ ಯಾವುದು ತಪ್ಪು ಅಂತ ಗೊತ್ತಾಗಿಬಿಡುತ್ತದೆ. ದಾರಿಯಲ್ಲಿ ಮೂರನೆಯ ವೇಬ್ರಿಡ್ಜ್‌ನಲ್ಲಿ ತೂಗಿಸುವುದು ಸುಲಭ, ಆದರೆ ಅದಕ್ಕೂ ಅದರದೇ 40 ಕೆ.ಜಿ. ಮಿತಿ ಇದೆ. ಮೂರು ಬೇರೆ ಬೇರೆ ಅಂಕಿ ಹಿಡಿದುಕೊಂಡು ತಲೆ ಕೆರೆದುಕೊಳ್ಳುವ ಹಾಗಾಗಬಹುದು.

ಕಾರ್ಖಾನೆಯವರ ಜೊತೆ ಮಾತಾಡುವುದು ಮೊದಲ ದಾರಿ. ಜಗಳ ಬೇಡ. 'ಖಾಲಿ ಲಾರಿಯನ್ನು ಪ್ರತಿ ಸಲ ತೂಗಿ' ಅಂತಷ್ಟೇ ಕೇಳಿ. ಸಮಂಜಸವಾದ ಮಾತು, ಇಲ್ಲ ಅನ್ನುವುದು ಅವರಿಗೆ ಕಷ್ಟ. ನಿಮ್ಮ ಕೊರತೆಯ ಹತ್ತಿರ ಹತ್ತಿರ ಅರ್ಧ ಇಲ್ಲೇ ನಿಲ್ಲಬಹುದು. ಅಪಾಯ ಒಂದೇ. ಮೋಸ ನಿಜವಾಗಿದ್ದರೆ ಅವರು ಎಚ್ಚರ ಆಗುತ್ತಾರೆ, ಆಮೇಲೆ ತಪಾಸಣೆಯಲ್ಲಿ ಏನೂ ಸಿಗುವುದಿಲ್ಲ.

ಎರಡನೆಯದು, ಅವರೇ ತಪಾಸಣೆ ಕೇಳುವ ಹಾಗೆ ಮಾಡುವುದು. ಯಂತ್ರದ ಮಾಲೀಕರು ಅವಧಿಗೆ ಮೊದಲೇ ಮರುಪರೀಕ್ಷೆಗೆ ಅರ್ಜಿ ಹಾಕಬಹುದು. ಶುಲ್ಕ ಇರುತ್ತದೆ, ಅರ್ಧ ನಾನು ಕೊಡುತ್ತೇನೆ ಅನ್ನಿ. ಸಂಬಂಧ ಕೆಡದ ದಾರಿ ಇದು. ಆದರೆ ಅರ್ಜಿ ಹಾಕಿದ ಮಾಲೀಕ ಹಿಂದಿನ ದಿನ ಮೆಕ್ಯಾನಿಕ್ ಕರೆಸಿ ಸಂದು ಗುಡಿಸಿ ಇಟ್ಟಿರುತ್ತಾನೆ. ಮುಂದಿನ ಲೋಡುಗಳಿಗೆ ಒಳ್ಳೆಯದೇ. ಹಿಂದಿನದಕ್ಕೆ ಸಾಕ್ಷಿ ಅಳಿಸಿಹೋಯಿತು.

ಮೂರನೆಯದು ದೂರು. ಭಾರತದಲ್ಲಿ 2009ರ ಕಾಯ್ದೆಯಡಿ ರಾಜ್ಯಗಳ ಕಾನೂನು ಮಾಪನಶಾಸ್ತ್ರ ಇಲಾಖೆ, ಕೆನಡಾದಲ್ಲಿ ಮೆಷರ್‌ಮೆಂಟ್ ಕೆನಡಾ, ಅಮೆರಿಕದಲ್ಲಿ ರಾಜ್ಯ ಅಥವಾ ಕೌಂಟಿಯ ತೂಕ-ಅಳತೆ ಕಚೇರಿ, ಹೀಗೆ ಒಂದೊಂದು ಕಡೆ ಒಂದೊಂದು ಹೆಸರು. ಯಂತ್ರ ಎಲ್ಲಿದೆಯೋ ಅಲ್ಲಿನ ಕಚೇರಿಗೆ ಕೊಡಬೇಕು, ನೀವಿರುವ ಊರಿನದ್ದಕ್ಕಲ್ಲ. ದೂರಿನ ಮೇಲೆ ಬರುವ ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಮುಂಚೆ ಹೇಳಿ ಬರುವುದಿಲ್ಲ, ಇದೇ ಇದರ ಬಲ. ಹೆಸರು ಗುಟ್ಟಾಗಿಡಿ ಅಂತ ದೂರಿನಲ್ಲೇ ಬರೆಯಿರಿ. ಮಾಮೂಲಿ ತಪಾಸಣೆ ಅನ್ನುವ ಹಾಗೆ ಹೋಗಿ ಬರುವುದು ಅವರಿಗೂ ಗೊತ್ತು. ಆದರೂ ನೀವು ನಿನ್ನೆ ಗೇಟಿನಲ್ಲಿ ಜಗಳ ಆಡಿ ಇವತ್ತು ದೂರು ಕೊಟ್ಟರೆ, ಯಾರು ಅಂತ ಊಹಿಸಲು ಯಾರೂ ಬಾಯಿ ಬಿಡಬೇಕಿಲ್ಲ. ಜಗಳ ಆಗಿದ್ದರೆ ಸ್ವಲ್ಪ ದಿನ ತಡೆಯಿರಿ.

ದೂರಿನಲ್ಲಿ 'ಮೋಸ ಮಾಡುತ್ತಿದ್ದಾರೆ' ಅಂತ ಬರೆಯಬೇಡಿ. ಅದು ನಿಮಗೆ ಗೊತ್ತಿಲ್ಲ. ಒಣ ಲೋಡುಗಳ ದಿನಾಂಕ, ಲಾರಿ ನಂಬರ್, ಎರಡೂ ಕಡೆಯ ನಾಲ್ಕು ತೂಕ, ಸಮಯ, ಇಷ್ಟನ್ನು ಒಂದು ಪಟ್ಟಿ ಮಾಡಿ ಚೀಟಿಗಳ ಪ್ರತಿ ಜೋಡಿಸಿ. ಆಮೇಲೆ ಏನು ನೋಡಬೇಕು ಅಂತ ಸ್ಪಷ್ಟವಾಗಿ ಕೇಳಿ: 25 ಟನ್ ಹತ್ತಿರದ ಭಾರದಲ್ಲಿ ಪರೀಕ್ಷೆ ಆಗಲಿ, ಪ್ಲಾಟ್‌ಫಾರ್ಮಿನ ಎಲ್ಲ ಭಾಗವನ್ನೂ ನೋಡಲಿ, ಖಾಲಿ ತೂಕವನ್ನು ಕಂಪ್ಯೂಟರಿನಿಂದ ತೆಗೆದುಕೊಳ್ಳುತ್ತಾರಾ ನೋಡಲಿ. ಈ ಕೊನೆಯದನ್ನು ಕೇಳದಿದ್ದರೆ ಯಾರೂ ನೋಡುವುದಿಲ್ಲ. 'ತೂಕದಲ್ಲಿ ಮೋಸ, ಕ್ರಮ ಕೈಗೊಳ್ಳಿ' ಅನ್ನುವ ಒಂದು ಸಾಲಿನ ದೂರಿಗೂ ಇದಕ್ಕೂ ಕಚೇರಿಯಲ್ಲಿ ಸಿಗುವ ಮರ್ಯಾದೆ ಬೇರೆ.

ನಿಮ್ಮ ಕಡೆಯ ಅಪಾಯವನ್ನೂ ಹೇಳಬೇಕು. ಗೋಡೌನಿನ ಕಾಟಾಗೆ ಮುದ್ರೆಯ ಅವಧಿ ಮುಗಿದಿಲ್ಲ ತಾನೇ? ನೀವೂ ಅದರಲ್ಲಿ ಬೇರೆಯವರ ಮಾಲು ಕೊಳ್ಳುತ್ತೀರಿ. ಇಲಾಖೆ ಕಾಗದ ನೋಡಲು ಶುರು ಮಾಡಿದರೆ ಎರಡೂ ಕಡೆಯದ್ದು ನೋಡಬಹುದು. ಗೋಡೌನ್ ಹತ್ತಿರದ ವೇಬ್ರಿಡ್ಜನ್ನೂ ಪರೀಕ್ಷಿಸಿ ಅಂತ ನೀವೇ ಕೇಳುವುದು ಒಳ್ಳೆಯದು. ದೂರಿಗೆ ತೂಕ ಬರುತ್ತದೆ. ಅದು ಜಾಸ್ತಿ ತೋರಿಸುತ್ತಿದೆ ಅಂತ ಬಂದರೆ ಬೇಸರ ಆಗುತ್ತದೆ, ನಿಜ. ಆದರೆ ಒಬ್ಬ ಗ್ರಾಹಕನ ಮೇಲೆ ಸುಮ್ನೆ ಅನುಮಾನ ಪಡುವುದಾದರೂ ತಪ್ಪುತ್ತದೆ.

ಖಾಸಗಿ ಪ್ರಯೋಗಾಲಯದಿಂದ ಕ್ಯಾಲಿಬ್ರೇಷನ್ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಆ ಸರ್ಟಿಫಿಕೇಟ್ ಒಳ್ಳೆಯ ಮಾಹಿತಿ ಕೊಡುತ್ತದೆ. ಆದರೆ ಕಾನೂನು ಕೇಳುವ ಮುದ್ರೆಗೆ ಅದು ಬದಲಿ ಅಲ್ಲ. ಕೆನಡಾದಂಥ ಕಡೆ ಸರ್ಕಾರದ ಅಧಿಕಾರ ಪಡೆದ ಖಾಸಗಿಯವರೇ ತಪಾಸಣೆ ಮಾಡುವುದುಂಟು, ಅದು ಬೇರೆ ವ್ಯವಸ್ಥೆ. ಅದೂ ಅಲ್ಲದೆ ಬೇರೆಯವರ ವೇಬ್ರಿಡ್ಜ್ ಮೇಲೆ ನಿಮ್ಮ ಪ್ರಯೋಗಾಲಯದವರನ್ನು ಯಾರು ಹತ್ತಿಸುತ್ತಾರೆ?

ಫಲಿತಾಂಶ ಬಂದ ಮೇಲೆ

ಯಂತ್ರ ಫೇಲಾದರೆ ಅದನ್ನು ಬಳಸದಂತೆ ತಡೆಯುತ್ತಾರೆ, ರಿಪೇರಿ ಆಗಿ ಮರುಪರೀಕ್ಷೆ ಪಾಸಾಗುವವರೆಗೆ. ದಂಡ ಬೀಳಬಹುದು. ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ನಿಮ್ಮ ಹಳೆಯ ದುಡ್ಡು ಬೇಕಾದರೆ ಕಾರ್ಖಾನೆಯವರ ಜೊತೆ ಮಾತುಕತೆ, ಇಲ್ಲವೇ ಕೋರ್ಟು. ಅಲ್ಲಿ ತಪಾಸಣೆಯ ವರದಿ ಸಹಾಯ ಮಾಡುತ್ತದೆ, ಆದರೆ ಪೂರ್ತಿ ಗೆಲ್ಲಿಸುವುದಿಲ್ಲ. ವರದಿ ಹೇಳುವುದು ಆ ದಿನದ ಮಾತು. ಆರು ತಿಂಗಳ ಹಿಂದೆಯೂ ಸಂದಿಯಲ್ಲಿ ಅದೇ ಕಲ್ಲು ಇತ್ತು ಅಂತ ನೀವು ತೋರಿಸಬೇಕು. ಅದಕ್ಕೇ ಚೀಟಿಗಳ ಪಟ್ಟಿ ಬೇಕು ಅಂದದ್ದು. ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ.

ಪಾಸಾದರೆ? ಎಷ್ಟು ಅಂತರದಲ್ಲಿ ಪಾಸಾಯಿತು ಅಂತ ಕೇಳಿ. 25 ಟನ್ನಿನಲ್ಲಿ 38 ಕೆ.ಜಿ. ಕಡಿಮೆ ತೋರಿಸಿ ಪಾಸಾದದ್ದೂ ಪಾಸೇ, 4 ಕೆ.ಜಿ.ಯದ್ದೂ ಪಾಸೇ. ಮೊದಲನೆಯದಾದರೆ ಪ್ರತಿ ಲೋಡಿಗೂ ಕಾನೂನಿನೊಳಗೇ ನಿಮ್ಮ ದುಡ್ಡು ಹೋಗುತ್ತಿದೆ. ಆಗ ಇಲಾಖೆ ಏನೂ ಮಾಡಲಾರದು. ಕ್ಯಾಲಿಬ್ರೇಷನ್ ಸರಿಪಡಿಸಿ ಅಂತ ಮಾಲೀಕರನ್ನೇ ಕೇಳಬೇಕು.

ಪತ್ರದ ಕೊನೆಯಲ್ಲಿ ಪೆಟ್ರೋಲ್ ಪಂಪು, ಮನೆಯ ನೀರಿನ ಮೀಟರ್ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಚುಟುಕಾಗಿ ಹೇಳುತ್ತೇನೆ. ಇಂಧನದ ಪಂಪಿಗೆ ಓಐಎಂಎಲ್ ಬಿಡುವ ಮಿತಿ ಅರ್ಧ ಶೇಕಡಾ, 20 ಲೀಟರಿಗೆ 100 ಮಿಲಿ ಲೀಟರ್. ಪ್ಲಾಸ್ಟಿಕ್ ಕ್ಯಾನಿನ ಗೆರೆ ನೋಡಿ ದೂರು ಕೊಡಬೇಡಿ, ಆ ಗೆರೆಗೆ ಅಳತೆಯ ಬೆಲೆ ಇಲ್ಲ. ಮುದ್ರೆ ಇರುವ ಅಳತೆ ಪಾತ್ರೆ ತರಿಸಿ, ಮೊದಲು ಒಮ್ಮೆ ತುಂಬಿ ಸುರಿದು ಒಳಗೆ ಒದ್ದೆ ಮಾಡಿಸಿ, ಆಮೇಲೆ ಅಳೆಯಿಸಿ. ನೀರಿನ ಮೀಟರ್ ಸಾಮಾನ್ಯ ಹರಿವಿನಲ್ಲಿ 2 ಶೇಕಡಾ, ತೀರ ಸಣ್ಣ ಹರಿವಿನಲ್ಲಿ 5 ಶೇಕಡಾ ತಪ್ಪಬಹುದು. ತಿರುಗುವ ಹಳೆಯ ಮೀಟರುಗಳು ಸವೆದಂತೆ ನಿಧಾನ ಆಗುತ್ತವೆ, ಅಂದರೆ ಬಹುಮಟ್ಟಿಗೆ ನಿಮಗೇ ಲಾಭ. ಮೀಟರ್ ಸರಿ ಇದೆ ಅಂತ ಬಂದರೆ ಪರೀಕ್ಷೆಯ ಖರ್ಚನ್ನು ಕೇಳಿದವರ ಮೇಲೆ ಹಾಕುವ ಪದ್ಧತಿಯೂ ಎಷ್ಟೋ ಕಡೆ ಇದೆ. ಕೇಳುವ ಮೊದಲು ಮನೆಯ ಎಲ್ಲ ನಲ್ಲಿ ಮುಚ್ಚಿ, ಮೀಟರ್ ಆಗಲೂ ತಿರುಗುತ್ತದಾ ನೋಡಿ. ತಿರುಗಿದರೆ ಮೊದಲು ಸೋರಿಕೆ ಹುಡುಕಿ.

ಮತ್ತೆ ನಿಮ್ಮ ಲಾರಿಗೆ ಬಂದರೆ, ಮುಂದಿನ ಒಪ್ಪಂದದಲ್ಲಿ ಎರಡು ಸಾಲು ಸೇರಿಸಲು ನೋಡಿ. ಖಾಲಿ ಲಾರಿಯನ್ನು ಅದೇ ದಿನ ಅದೇ ಕಾಟಾದಲ್ಲಿ ತೂಗಬೇಕು ಅನ್ನುವುದು ಒಂದು. ಎರಡು ಕಡೆಯ ಮಾಲಿನ ತೂಕದ ನಡುವೆ ಇಷ್ಟು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಇಬ್ಬರೂ ಒಪ್ಪಿದ ಮೂರನೆಯ ವೇಬ್ರಿಡ್ಜ್‌ನಲ್ಲಿ ಅನ್‌ಲೋಡಿಗೆ ಮೊದಲೇ ತೂಗಬೇಕು ಅನ್ನುವುದು ಇನ್ನೊಂದು. ಆ 'ಇಷ್ಟು' 100ಕ್ಕಿಂತ ಕಡಿಮೆ ಇಡಬೇಡಿ. ಎರಡೂ ಯಂತ್ರ ಸರಿಯಾಗಿದ್ದರೂ ಅದಕ್ಕಿಂತ ಕೆಳಗೆ ದಿನಾ ಜಗಳ ಆಗುತ್ತದೆ.